ಹಾಜಿ ಸಾಹೇಬರ ಮನೆಯಲ್ಲಿ ಹುಟ್ಟಿದ ಬ್ಯಾಂಕು

ಊರಿಗೆ ಹೋಗಿ ಮರಳಿದ ನಮ್ಮವರನ್ನು ಉಡುಪಿಯಲ್ಲಿ ಏನೇನು ಕಂಡಿರೆಂದು ಕೇಳಿದರೆ, ಕನಕನ ಕಿಂಡಿ, ರಥಬೀದಿ, ಮಲ್ಪೆಯ ಕಡಲು ಎಂದು ಬೆರಳು ಮಡಿಸುತ್ತಾರೆ. ಆ ಎಣಿಕೆಯಲ್ಲಿ ಒಂದು ಮನೆಯ ಹೆಸರು ಬರುವುದು ಬಹಳ ಅಪರೂಪ. ಖಾನ್ ಬಹಾದ್ದೂರ್ ಹಾಜಿ ಅಬ್ದುಲ್ಲಾ ಹಾಜಿ ಕಾಸಿಂ ಸಾಹೇಬ್ ಬಹಾದ್ದೂರರ ಮನೆ ಅದು. 1906ನೆಯ ಇಸವಿಯ ಮಾರ್ಚ್ 12ರಂದು ಆ ಮನೆಯಲ್ಲಿ ‘ಕೆನರಾ ಬ್ಯಾಂಕಿಂಗ್ ಕಾರ್ಪೊರೇಶನ್ (ಉಡುಪಿ) ಲಿಮಿಟೆಡ್’ ಎಂಬ ಹೆಸರಿನ ಬ್ಯಾಂಕೊಂದು ಬಾಗಿಲು ತೆರೆಯಿತು. ಮುಂದೆ ದೇಶದ ಮೂಲೆಮೂಲೆಗಳಲ್ಲಿ ಕಾರ್ಪೊರೇಶನ್ ಬ್ಯಾಂಕ್ ಎಂಬ ಹೆಸರಿನಿಂದ ನಮಗೆಲ್ಲ ಪರಿಚಿತವಾದುದು ಇದೇ.

2018ರ ಬೇಸಗೆಯಲ್ಲಿ ನಾನು ಆ ಮನೆಯನ್ನು ನೋಡಲು ಹೋದೆ. ಹೋದೆನೆನ್ನುವುದಕ್ಕಿಂತ ನನ್ನ ಚಿಕ್ಕಮ್ಮ ಕರೆದೊಯ್ದರೆನ್ನುವುದೇ ಸರಿ. ಎಂಬತ್ತು ದಾಟಿದ ಆಕೆಗೆ ಪೇಟೆಯಲ್ಲಿ ಬೇರೆ ಕೆಲಸವಿತ್ತು. ಅದನ್ನು ಮುಗಿಸಿ ರಿಕ್ಷಾ ಹತ್ತುವಾಗ, “ಮಗಾ, ಮುಂಬಯಿಯಿಂದ ಬಂದವನು ನೀನು ಸಾಹೇಬರ ಮನೆ ನೋಡಿದ್ದೀಯೋ ಇಲ್ಲವೋ?” ಎಂದರು. ಇಲ್ಲವೆಂದೆ. “ನಿನ್ನ ಮಾವ ಮುಂಬಯಿಗೆ ಹೋದದ್ದು ಆ ಬ್ಯಾಂಕಿನ ದುಡ್ಡಿನಲ್ಲಿ, ಗೊತ್ತುಂಟೋ?” ಎಂದು ಮತ್ತೊಂದು ಪ್ರಶ್ನೆ ಹಾಕಿದರು. ಅದೂ ನನಗೆ ತಿಳಿದಿರಲಿಲ್ಲ.

ಹಳೆಯ ಕಾಲದ ಹೆಂಚಿನ ಮಾಡಿನ ಮನೆ. ಅದನ್ನು ನೋಡಿ ಇಲ್ಲೊಂದು ಬ್ಯಾಂಕು ಹುಟ್ಟಿತೆಂದು ಯಾರೂ ಊಹಿಸಲಾರರು. ಬ್ಯಾಂಕೆಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಮುಂಬಯಿಯ ಫೋರ್ಟ್ ಭಾಗದ ಕಲ್ಲಿನ ಸೌಧಗಳು, ಅವುಗಳ ಕಂಬಗಳು, ಬಾಗಿಲ ಮುಂದಿನ ಬಂದೂಕಿನ ಕಾವಲುಗಾರ. ಇಲ್ಲಿಯಾದರೋ ಒಬ್ಬ ಗೃಹಸ್ಥನು ಹೆಂಡಿರು ಮಕ್ಕಳೊಡನೆ ಬಾಳಿದ ಮನೆ. ಈ ವ್ಯತ್ಯಾಸದಲ್ಲಿಯೇ ಈ ಕಟ್ಟಡದ ಚರಿತ್ರೆಯ ಸಾರವಿದೆಯೆಂದು ನನಗೆ ಆ ಮೇಲೆ ತೋರಿತು.

ಬ್ಯಾಂಕಿನ ಆರಂಭದ ಬಂಡವಾಳ 5,000 ರೂಪಾಯಿ. ಮೊದಲ ದಿನದ ವ್ಯವಹಾರ ಮುಗಿದಾಗ ಪೆಟ್ಟಿಗೆಯಲ್ಲಿದ್ದ ಹಣ 38 ರೂಪಾಯಿ, 13 ಆಣೆ, 2 ಪೈ. ಈ ಲೆಕ್ಕವನ್ನು ಬ್ಯಾಂಕಿನವರು ಕಡೆಯವರೆಗೂ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು. ಇಂದಿನ ತರುಣರಿಗೆ ಆಣೆ ಪೈಗಳ ಲೆಕ್ಕ ಮರೆತಿರುವುದರಿಂದ ಒಂದು ಮಾತು. 12 ಪೈಗೆ ಒಂದು ಆಣೆ, 16 ಆಣೆಗೆ ಒಂದು ರೂಪಾಯಿ, ಅಂದರೆ ರೂಪಾಯಿಗೆ 192 ಪೈ. 1957ರ ಏಪ್ರಿಲ್ 1ರಂದು ದಶಮಾಂಶ ಪದ್ಧತಿ ಬರುವವರೆಗೂ ನಮ್ಮ ಹಿರಿಯರು ಈ ಲೆಕ್ಕವನ್ನು ಬಾಯಲ್ಲಿಯೇ ಮಾಡುತ್ತಿದ್ದರು. ಅಂದಿನ ಒಟ್ಟು ಹಣವನ್ನು ಈಗಿನ ಪದ್ಧತಿಗೆ ಇಳಿಸಿದರೆ 38 ರೂಪಾಯಿ 82 ಪೈಸೆಯಾಗುತ್ತದೆ. ಆಗಿನ ಬೆಳ್ಳಿಯ ರೂಪಾಯಿಯ ತೂಕ ಸರಿಯಾಗಿ ಒಂದು ತೊಲ. 38 ರೂಪಾಯಿಯೂ ಬೆಳ್ಳಿಯಲ್ಲಿಯೇ ಬಂದಿತ್ತೆಂದು ಭಾವಿಸಿದರೆ, ಮೊದಲ ದಿನದ ಆ ಬ್ಯಾಂಕು ಒಂದು ರಾತಲಿಗೆ ತುಸು ಕಡಿಮೆ ತೂಗುತ್ತಿತ್ತು!

ನಗು ಬರುವುದು ಸಹಜ. ಆದರೆ ಆ 2 ಪೈಯ ಕಡೆಗೆ ನನ್ನ ಮನಸ್ಸು ಮತ್ತೆ ಮತ್ತೆ ಹೋಗುತ್ತದೆ. ರೂಪಾಯಿಗಳನ್ನು ಸಂಸ್ಥಾಪಕರು ತಾವೇ ಹಾಕಿರಬಹುದು. ಎರಡು ಪೈಯನ್ನು ಶ್ರೀಮಂತನು ತಂದು ಇಡುವುದಿಲ್ಲ. ಯಾರೋ ಒಬ್ಬ ಬಡವನು ತನ್ನಲ್ಲಿದ್ದ ಚಿಲ್ಲರೆಯನ್ನೆಲ್ಲ ಎಣಿಸಿ ಆ ಮನೆಯ ಜಗಲಿ ಹತ್ತಿ ಕೊಟ್ಟುಹೋಗಿರಬೇಕೆಂದು ನನ್ನ ಊಹೆ. ಊಹೆಯೇ ಹೊರತು ಇದಕ್ಕೆ ಆಧಾರವಿಲ್ಲ.

ಆಗಿನ ಉಡುಪಿ ಎಷ್ಟು ಚಿಕ್ಕ ಊರೆಂಬುದನ್ನು ಇಂದಿನವರಿಗೆ ತಿಳಿಸಿ ಹೇಳುವುದು ಕಷ್ಟ. ಮದರಾಸು ಆಧಿಪತ್ಯಕ್ಕೆ ಸೇರಿದ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು ಪಟ್ಟಣ. ಎಂಟು ಮಠಗಳು, ಅವುಗಳನ್ನು ನಂಬಿದ ಪೇಟೆ. ಎರಡು ವರ್ಷಗಳಿಗೊಮ್ಮೆ ಪರ್ಯಾಯ ಬಂದಾಗ ಜನಸಾಗರ, ಉಳಿದಂತೆ ನಿಶ್ಶಬ್ದ. ರೈಲು ಮಂಗಳೂರಿಗೇ ಬಂದದ್ದು 1907ರಲ್ಲಿ. ಉಡುಪಿಯವರು ಕೊಂಕಣ ರೈಲನ್ನು ಕಾಣಲು ಅಲ್ಲಿಂದ ಮುಂದೆ ಸುಮಾರು ತೊಂಬತ್ತು ವರ್ಷ ಕಾಯಬೇಕಾಯಿತು. ಮಂಗಳೂರಿಗೆ ಹೋಗಬೇಕಾದರೆ ದಾರಿಯ ಹೊಳೆಗಳನ್ನು ದೋಣಿಯಲ್ಲಿ ದಾಟಬೇಕು. ಮಳೆಗಾಲದಲ್ಲಿ ಕಡಲೂ ಮುಚ್ಚಿ, ಮಲ್ಪೆಯ ಮಂಜಿಗಳು ದಡ ಸೇರಿದರೆ, ಊರು ಲೋಕದಿಂದ ಬೇರೆಯಾದಂತೆಯೇ.

ಇಂಥ ಊರಿನಲ್ಲಿ ಜನರು ಹಣವನ್ನು ಎಲ್ಲಿಡುತ್ತಿದ್ದರು? ನಿಜವಾಗಿ ಹಣವೆಂಬುದೇ ಕಡಿಮೆ. ಸಂಪತ್ತೆಂದರೆ ಅಕ್ಕಿಮುಡಿ. ಬೈಹುಲ್ಲಿನಿಂದ ಬಿಗಿದು ಕಟ್ಟಿದ ಆ ಮುಡಿಗಳೇ ಗೇಣಿ, ಅವೇ ಕೂಲಿ, ಅವೇ ಕಾಣಿಕೆ. ಅವನ್ನು ಬಿಟ್ಟರೆ ಹೆಂಗಸರ ಕೊರಳು ಕಿವಿಗಳ ಮೇಲಿನ ಬಂಗಾರ. ಏಣೆಲು, ಸುಗ್ಗಿ, ಕೊಳಕೆ ಎಂದು ಬೆಳೆ ಮೂರಾದರೂ ಆಟಿ ತಿಂಗಳು ಬಂತೆಂದರೆ ಪತ್ತಾಯ ಬರಿದು. ಆಗ ಒಡವೆ ಹೊರಬೀಳುತ್ತಿತ್ತು. ಅದು ಹೋಗುತ್ತಿದ್ದುದು ಸಾಹುಕಾರನ ಪೆಟ್ಟಿಗೆಗೆ, ಮರಳಿ ಬರುತ್ತಿದ್ದುದು ಸಾಹುಕಾರನ ದಯೆಯಿಂದ. ಬಡ್ಡಿಯ ಲೆಕ್ಕ ಬರೆಯುವವನು ಅವನು, ಓದಬಲ್ಲವನೂ ಅವನೊಬ್ಬನೇ.

ಹಾಜಿ ಅಬ್ದುಲ್ಲಾ ಸಾಹೇಬರು ವರ್ತಕರು, ಅನುಕೂಲಸ್ಥರು. ಬ್ಯಾಂಕು ಸ್ಥಾಪಿಸುವಾಗ ಇನ್ನೂ ಮೂವತ್ತು ತುಂಬದ ಯುವಕರು. ಸ್ವದೇಶಿ ಚಳವಳಿಯ ಕಾವು ವಂಗದೇಶದಿಂದ ಹೊರಟು ದೇಶವನ್ನೆಲ್ಲ ವ್ಯಾಪಿಸುತ್ತಿದ್ದ ದಿನಗಳವು. ಊರಿನ ಕೆಲವು ಮಂದಿ ಸಮಾನಮನಸ್ಕರೊಡನೆ ಸೇರಿ ಅವರು ಹೊರಡಿಸಿದ ವಿಜ್ಞಾಪನೆಯಲ್ಲಿ ಲಾಭದ ಮಾತಿಗಿಂತ ಬೇರೆ ಮಾತು ಮುಂದಾಗಿತ್ತು. ಜಾತಿಮತಗಳ ಭೇದವಿಲ್ಲದೆ ಎಲ್ಲ ವರ್ಗದ ಜನರಲ್ಲಿಯೂ ಮಿತವ್ಯಯದ ಅಭ್ಯಾಸವನ್ನು ಬೆಳೆಸುವುದು, ಜೊತೆಗೆ ಪರಸ್ಪರ ಸಹಕಾರವನ್ನು ಕಲಿಸುವುದು, ಇದೇ ನಿಜವಾದ ಸ್ವದೇಶಿ ಎಂಬುದು ಅದರ ತಾತ್ಪರ್ಯ. ಮಠಗಳ ಊರಿನಲ್ಲಿ ಒಬ್ಬ ಮುಸಲ್ಮಾನ ಗೃಹಸ್ಥನ ಮುಂದಾಳುತನದಲ್ಲಿ ಈ ಕೆಲಸ ನಡೆಯಿತೆಂಬುದನ್ನು ಈಗ ನಾವು ವಿಶೇಷವೆಂದು ಎತ್ತಿ ಹೇಳುತ್ತೇವೆ. ಅಂದು ದುಡ್ಡು ತಂದಿಟ್ಟವರು ಅದನ್ನು ಅಷ್ಟೊಂದು ವಿಶೇಷವೆಂದು ಎಣಿಸಿದಂತೆ ಕಾಣುವುದಿಲ್ಲ. ಶ್ರೀಕೃಷ್ಣ ಮಠದ ಲಕ್ಷದೀಪೋತ್ಸವಕ್ಕೆ ಒಮ್ಮೆ ಎಣ್ಣೆ ಸಾಲದೆ ಬಂದಾಗ ಸಾಹೇಬರು ಎಣ್ಣೆ ಕಳುಹಿಸಿ ದೀಪ ಆರದಂತೆ ನೋಡಿಕೊಂಡರೆಂಬ ಕಥೆ ಉಡುಪಿಯ ಹಿರಿಯರ ಬಾಯಲ್ಲಿದೆ. ಚಿಕ್ಕಮ್ಮನೂ ಅದನ್ನು ಹೇಳಿದರು, ತಾನೇ ಕಣ್ಣಾರೆ ಕಂಡಂತೆ. ಸಾಹೇಬರು ತೀರಿಕೊಂಡದ್ದು 1935ರಲ್ಲಿ, ಆಕೆ ಹುಟ್ಟುವ ಮೊದಲು.

ಈ ಬ್ಯಾಂಕಿನ ಹೆಸರಿನ ವಿಷಯದಲ್ಲಿ ನಮ್ಮವರಲ್ಲಿ ಒಂದು ಗೊಂದಲವುಂಟು. ಅದೇ ಜಿಲ್ಲೆಯಲ್ಲಿ, ಅದೇ 1906ರ ಜುಲೈ 1ರಂದು ಅಮ್ಮೆಂಬಳ ಸುಬ್ಬರಾವ್ ಪೈಗಳು ಮಂಗಳೂರಿನಲ್ಲಿ ಆರಂಭಿಸಿದ ಕೆನರಾ ಹಿಂದೂ ಪರ್ಮನೆಂಟ್ ಫಂಡ್ ಮುಂದೆ ಕೆನರಾ ಬ್ಯಾಂಕಾಯಿತು. ಉಡುಪಿಯದು ಬೇರೆ, ಅದು ಬೇರೆ. ಎರಡಕ್ಕೂ ನಡುವೆ ಮೂರೂವರೆ ತಿಂಗಳ ಅಂತರ, ಸುಮಾರು ಅರುವತ್ತು ಕಿಲೋಮೀಟರಿನ ದಾರಿ.

ಆ ವರ್ಷವಾದರೋ ಬ್ಯಾಂಕು ತೆರೆಯಲು ಒಳ್ಳೆಯ ವರ್ಷವಾಗಿರಲಿಲ್ಲ. ಉಡುಪಿಯ ಬ್ಯಾಂಕಿಗೆ ಏಳು ತಿಂಗಳು ತುಂಬಿತ್ತಷ್ಟೆ. 1906ರ ಅಕ್ಟೋಬರಿನಲ್ಲಿ ಮದರಾಸಿನ ಆರ್ಬತ್‌ನಟ್ ಕಂಪೆನಿ ಕುಸಿದುಬಿತ್ತು. ಅದು ಸಾಮಾನ್ಯ ಸಂಸ್ಥೆಯಲ್ಲ. ಸರಕಾರಿ ನೌಕರರೂ ವಿಶ್ರಾಂತಿವೇತನದವರೂ ವಿಧವೆಯರೂ ಕಣ್ಣುಮುಚ್ಚಿ ನಂಬಿ ಹಣವಿಟ್ಟಿದ್ದ ಇಂಗ್ಲಿಷರ ಪೇಢಿ. ಅದರ ಮುಖ್ಯಸ್ಥನು ಸೆರೆಮನೆ ಸೇರಿದನು, ಸಾವಿರಾರು ಜನರ ಜೀವಮಾನದ ಗಳಿಕೆ ಮಣ್ಣುಪಾಲಾಯಿತು. 1913ರಲ್ಲಿ ಲಾಹೋರಿನ ಪೀಪಲ್ಸ್ ಬ್ಯಾಂಕೂ ನಮ್ಮ ಮುಂಬಯಿಯ ಇಂಡಿಯನ್ ಸ್ಪೀಸಿ ಬ್ಯಾಂಕೂ ಬಿದ್ದವು. ರಿಸರ್ವ್ ಬ್ಯಾಂಕು ಹುಟ್ಟಿದ್ದು 1935ರಲ್ಲಿ, ಠೇವಣಿಗೆ ವಿಮೆ ಬಂದದ್ದು 1962ರಲ್ಲಿ. ಅಲ್ಲಿಯವರೆಗೆ ಬ್ಯಾಂಕು ಮುಳುಗಿದರೆ ಠೇವಣಿದಾರನಿಗೆ ದೇವರೇ ಗತಿ.

ಹಾಗಿರುವಾಗ ಕಲ್ಲಿನ ಸೌಧದ ಪೇಢಿ ಬಿದ್ದರೂ ಹೆಂಚಿನ ಮನೆಯ ಬ್ಯಾಂಕು ಉಳಿದುದು ಹೇಗೆ? ಬ್ಯಾಂಕಿನ ಶಾಸ್ತ್ರ ಬಲ್ಲವರು ಇದಕ್ಕೆ ಅನೇಕ ಕಾರಣಗಳನ್ನು ಹೇಳಬಹುದು. ಸಣ್ಣ ವ್ಯವಹಾರ, ಕಣ್ಣಳತೆಯೊಳಗಿನ ಸಾಲ, ಬಂಗಾರದ ಮೇಲಿನ ಸಾಲದ ಭದ್ರತೆ, ಎಲ್ಲವೂ ನಿಜ. ನನಗೆ ತೋರುವ ಕಾರಣ ಇನ್ನೊಂದಿದೆ. ಹಣವಿಟ್ಟವನಿಗೆ ಬ್ಯಾಂಕಿನವನು ರಾತ್ರಿ ಮಲಗುವುದು ಎಲ್ಲಿ ಎಂಬುದು ಗೊತ್ತಿತ್ತು. ಹಣ ಪಡೆದವನಿಗೂ ನಾಳೆ ಬೆಳಗ್ಗೆ ಪೇಟೆಯಲ್ಲಿ ಇವನ ಮುಖವನ್ನೇ ನೋಡಬೇಕಾಗುವುದೆಂದು ಗೊತ್ತಿತ್ತು. ಆ ಮನೆಯೇ ಠೇವಣಿಗೆ ಕೊಟ್ಟ ಜಾಮೀನು.

ಇನ್ನೂ ಒಂದು ಸಂಗತಿಯನ್ನು ವಾಚಕರು ಗಮನಿಸಬೇಕು. ಈ ಬ್ಯಾಂಕಿನ ಮೊದಲ ಶಾಖೆ ಕುಂದಾಪುರದಲ್ಲಿ ತೆರೆದುದು 1923ರಲ್ಲಿ. ಅಂದರೆ ಹದಿನೇಳು ವರ್ಷಗಳ ಕಾಲ ಉಡುಪಿಯ ಹೊರಗೆ ಅದಕ್ಕೊಂದು ಶಾಖೆಯಿರಲಿಲ್ಲ! ಇಂದು ಅಂಗಡಿ ತೆರೆದ ಮರುವರ್ಷವೇ ಹತ್ತು ಊರುಗಳಲ್ಲಿ ಫಲಕ ತೂಗಹಾಕುವವರಿಗೆ ಇದು ಆಲಸ್ಯವೆಂದು ಕಂಡೀತು. ಅವರು ಆತುರಪಡಲಿಲ್ಲ. ಆತುರಪಟ್ಟಿದ್ದರೆ 1913ರ ಗಾಳಿಗೆ ಉಳಿಯುತ್ತಿದ್ದರೋ ಇಲ್ಲವೋ. ಅಲ್ಲಿಂದ ಮುಂದಿನದು ಬೇಗ ಬೇಗ ನಡೆಯಿತು. 1926ರಲ್ಲಿ ಮಂಗಳೂರಿನ ರಥಬೀದಿ, 1934ರಲ್ಲಿ ಏಳನೆಯ ಶಾಖೆಯಾಗಿ ಕೊಡಗಿನ ಮಡಿಕೇರಿ, 1937ರಲ್ಲಿ ರಿಸರ್ವ್ ಬ್ಯಾಂಕಿನ ಅನುಸೂಚಿಯಲ್ಲಿ ಸ್ಥಾನ. 1939ರಲ್ಲಿ ಹೆಸರಿನಿಂದ ಉಡುಪಿ ಎಂಬ ಪದ ಬಿಟ್ಟುಹೋಯಿತು. ಕೇಂದ್ರ ಕಚೇರಿಯೂ ಕಾಲಕ್ರಮದಲ್ಲಿ ಮಂಗಳೂರಿಗೆ ಹೋಯಿತು.

ಇಷ್ಟರಲ್ಲಿ ಅದೇ ಪುಟ್ಟ ಊರಿನಲ್ಲಿ ಇನ್ನೊಂದು ಬ್ಯಾಂಕು ಹುಟ್ಟಿಯಾಗಿತ್ತು. 1925ರಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ, ಡಾಕ್ಟರ್ ಟಿ. ಎಂ. ಎ. ಪೈ ಮೂವರೂ ಸೇರಿ, ಕೈಮಗ್ಗದ ನೇಕಾರರ ಕಷ್ಟವನ್ನು ಕಂಡು, 8,000 ರೂಪಾಯಿ ಬಂಡವಾಳದಿಂದ ಸ್ಥಾಪಿಸಿದ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್, ಅಂದರೆ ನಮ್ಮ ಸಿಂಡಿಕೇಟ್ ಬ್ಯಾಂಕು. 1928ರಿಂದ ಅವರ ಪಿಗ್ಮಿ ಯೋಜನೆಯವರು ಮನೆಮನೆಗೆ ಹೋಗಿ ದಿನಕ್ಕೆ ಎರಡಾಣೆಯಂತೆ ಸಂಗ್ರಹಿಸಿದರು. ಹಾಜಿ ಸಾಹೇಬರ ಮನೆಯಲ್ಲಿ ಠೇವಣಿದಾರನು ಬ್ಯಾಂಕರನ ಮನೆಗೆ ಹೋದನು. ಪಿಗ್ಮಿಯಲ್ಲಿ ಬ್ಯಾಂಕು ಠೇವಣಿದಾರನ ಮನೆಗೆ ಬಂದಿತು. ಊರು ಒಂದೇ, ನಂಬಿಕೆಯ ಬಗೆಯೂ ಒಂದೇ. ಕರಾವಳಿಯ ಜನರಿಗೆ ಬ್ಯಾಂಕು ನಡೆಸುವ ವಿದ್ಯೆ ರಕ್ತದಲ್ಲಿಯೇ ಬಂದಿದೆಯೆಂದು ನಮ್ಮ ಸಭೆಗಳಲ್ಲಿ ಭಾಷಣಕಾರರು ಹೇಳುವುದುಂಟು. ನಾನು ಅದನ್ನು ಒಪ್ಪುವುದಿಲ್ಲ. ಆಟಿಯ ಹಸಿವೂ ಸಾಹುಕಾರನ ಬಡ್ಡಿಯೂ ಕಲಿಸಿದ ವಿದ್ಯೆ ಅದು.

ಇನ್ನು ನನ್ನ ಮಾವನ ಸಂಗತಿ. ಅಂದು ಸಂಜೆ ಚಿಕ್ಕಮ್ಮ ಅಟ್ಟದಿಂದ ತಗಡಿನ ಟ್ರಂಕೊಂದನ್ನು ಇಳಿಸಿದರು. ಅದರಲ್ಲಿ ತೀರ್ವೆಯ ರಸೀದಿಗಳ ನಡುವೆ 1948ರ ಒಂದು ಚೀಟಿಯಿತ್ತು. ಕೆನರಾ ಬ್ಯಾಂಕಿಂಗ್ ಕಾರ್ಪೊರೇಶನ್ನಿನ ಉಡುಪಿ ಕಚೇರಿಯದು. ಅಜ್ಜಿಯ ಒಂದು ಜೊತೆ ಬೆಂಡೋಲೆಯನ್ನು ಅಡವಿಟ್ಟು ತೆಗೆದ ಸಾಲಕ್ಕೆ ಕೊಟ್ಟದ್ದು. ಹದಿಮೂರು ವರ್ಷದ ಹಿರಿಯ ಮಗನನ್ನು ಮುಂಬಯಿಯ ಹೋಟೆಲಿನ ಕೆಲಸಕ್ಕೆ ಕಳುಹಿಸಲು ಬಸ್ಸಿನ, ರೈಲಿನ ಖರ್ಚು, ಎರಡು ಅಂಗಿ, ಒಂದು ಚಾಪೆ. ಆಗುಂಬೆಯ ಘಾಟಿ ಹತ್ತಿ, ಶಿವಮೊಗ್ಗೆಯಲ್ಲಿ ರೈಲು ಹಿಡಿದು ಅವರು ಈ ಮಹಾನಗರಿಗೆ ಬಂದರು. ಹಗಲು ಲೋಟ ತೊಳೆದು, ರಾತ್ರಿ ಶಾಲೆಯಲ್ಲಿ ಓದಿದರು. ಈ ಕಥೆಯನ್ನು ಹೇಳಬಲ್ಲ ಮನೆಗಳು ಮುಂಬಯಿಯ ಕನ್ನಡಿಗರಲ್ಲಿ ನೂರಾರಿವೆ. ನಾನು ಹೊಸದೇನನ್ನೂ ಹೇಳುತ್ತಿಲ್ಲ.

ಮಾವನು ತಿಂಗಳಿಗೊಮ್ಮೆ ಮನಿಯಾರ್ಡರು ಕಳುಹಿಸುತ್ತಿದ್ದರು. ಅಜ್ಜಿ ಅದರಲ್ಲಿ ಒಂದು ಪಾಲನ್ನು ಸೆರಗಿಗೆ ಕಟ್ಟಿಕೊಂಡು ಮೂರು ಮೈಲು ನಡೆದುಹೋಗಿ ಬ್ಯಾಂಕಿಗೆ ಕಟ್ಟುತ್ತಿದ್ದರಂತೆ. ಎರಡೂವರೆ ವರ್ಷಕ್ಕೆ ಬೆಂಡೋಲೆ ಬಿಡಿಸಿಕೊಂಡರು. “ಸಾಹುಕಾರನಲ್ಲಿ ಇಟ್ಟಿದ್ದರೆ ಓಲೆ ಹೋಗುತ್ತಿತ್ತು, ಮಗಾ. ಅಮ್ಮನಿಗೆ ಓದಲು ಬರುತ್ತಿರಲಿಲ್ಲ. ಆದರೂ ಕೌಂಟರಿನವರು ಪ್ರತಿಸಲವೂ ಎಷ್ಟು ಕಟ್ಟಿದ್ದು, ಎಷ್ಟು ಬಾಕಿ ಎಂದು ತುಳುವಿನಲ್ಲಿ ಎರಡು ಸಲ ಹೇಳಿ ಕಳುಹಿಸುತ್ತಿದ್ದರಂತೆ” ಎಂದರು ಚಿಕ್ಕಮ್ಮ. ಹೇಳುವಾಗ ಅವರ ಕೈ ತಾನಾಗಿ ಕಿವಿಯ ಕಡೆಗೆ ಹೋಯಿತು. ಆ ಬೆಂಡೋಲೆ ಈಗ ಅವರ ಕಿವಿಯಲ್ಲಿದೆ.

1969ರ ಜುಲೈ 19ರಂದು ಹದಿನಾಲ್ಕು ಬ್ಯಾಂಕುಗಳು ರಾಷ್ಟ್ರೀಕೃತವಾದಾಗ ಸಿಂಡಿಕೇಟೂ ಕೆನರಾ ಬ್ಯಾಂಕೂ ಅದರಲ್ಲಿದ್ದವು. ಚಿಕ್ಕದೆಂಬ ಕಾರಣದಿಂದ ನಮ್ಮ ಈ ಬ್ಯಾಂಕು ಹೊರಗುಳಿಯಿತು. 1972ರಲ್ಲಿ ಕಾರ್ಪೊರೇಶನ್ ಬ್ಯಾಂಕ್ ಎಂದು ಹೆಸರು ಬದಲಾಯಿಸಿಕೊಂಡಿತು. 1980ರ ಏಪ್ರಿಲ್ 15ರಂದು ಎರಡನೆಯ ಸುತ್ತಿನಲ್ಲಿ ವಿಜಯಾ ಬ್ಯಾಂಕಿನೊಡನೆ ಇದೂ ಸರಕಾರದ ವಶವಾಯಿತು. ಹೀಗೆ ಹಾಜಿ ಸಾಹೇಬರ ಮನೆಯಿಂದ ಹೊರಟ ಪೆಟ್ಟಿಗೆ ದಿಲ್ಲಿಯನ್ನು ಸೇರಿತು.

ಮನೆಯನ್ನು ಮಾತ್ರ ಬ್ಯಾಂಕು ಮರೆಯಲಿಲ್ಲ. 2011ರಲ್ಲಿ ಅಲ್ಲಿ ಒಂದು ನಾಣ್ಯ ಸಂಗ್ರಹಾಲಯವನ್ನು ತೆರೆಯಿತು. ಕ್ರಿಸ್ತಪೂರ್ವ ಕಾಲದ ನಾಣ್ಯಗಳಿಂದ ಹಿಡಿದು ನಮ್ಮ ಕಾಲದವುಗಳವರೆಗೆ ಗಾಜಿನ ಪೆಟ್ಟಿಗೆಗಳಲ್ಲಿ ಜೋಡಿಸಿದ್ದರು. ಒಳ್ಳೆಯ ಕೆಲಸವೆಂಬುದರಲ್ಲಿ ಸಂದೇಹವಿಲ್ಲ. ಬಾರಕೂರಿನಿಂದ ಈ ನಾಡನ್ನಾಳಿದ ಆಳುಪರು ಮೀನಿನ ಗುರುತಿನ ಚಿನ್ನದ ನಾಣ್ಯ ಹೊಡೆಸಿದವರು. ಅಂಥ ನೆಲದಲ್ಲಿ ನಾಣ್ಯಗಳಿಗೊಂದು ಮನೆ ಬೇಕಾದದ್ದೇ. ಆದರೂ ಗಾಜಿನೊಳಗಿನ ರಾಜರ ನಾಣ್ಯಗಳನ್ನು ನೋಡುತ್ತ ನಿಂತಾಗ ನನಗೆ ಒಂದು ಕೊರತೆ ಕಾಣಿಸಿತು. ಈ ಮನೆಯ ನಿಜವಾದ ಐಶ್ವರ್ಯ ರಾಜರದ್ದಲ್ಲ. ಅದು ಹೆಬ್ಬೆಟ್ಟೊತ್ತಿದ ಸಾಲಪತ್ರಗಳಲ್ಲಿ, ಅಡವಿನ ಚೀಟಿಗಳಲ್ಲಿ, ಮನಿಯಾರ್ಡರಿನ ಚೂರುಗಳಲ್ಲಿ ಇದೆ. ಅವು ಗಾಜಿನೊಳಗೆ ಬಂದಿಲ್ಲ. ನಮ್ಮ ನಿಮ್ಮ ಅಟ್ಟಗಳ ಮೇಲೆ, ಗೆದ್ದಲಿನ ಬಾಯಿಗೆ ಸಮೀಪದಲ್ಲಿವೆ.

ನಾನು ನೋಡಿಬಂದು ಎರಡು ವರ್ಷ ತುಂಬುವ ಮೊದಲೇ, 2020ರ ಏಪ್ರಿಲ್ 1ರಂದು, ಕಾರ್ಪೊರೇಶನ್ ಬ್ಯಾಂಕು ಆಂಧ್ರ ಬ್ಯಾಂಕಿನೊಡನೆ ಯೂನಿಯನ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ವಿಲೀನವಾಯಿತು. ಅದೇ ದಿನ ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. ಸರಿಯಾಗಿ ಒಂದು ವರ್ಷ ಮೊದಲು ವಿಜಯಾ ಬ್ಯಾಂಕು ಬರೋಡಾ ಬ್ಯಾಂಕಿನಲ್ಲಿ ಲೀನವಾಗಿತ್ತು. ಉಡುಪಿಯಲ್ಲಿ ಹುಟ್ಟಿದ ಎರಡು ಬ್ಯಾಂಕುಗಳ ಹೆಸರುಗಳು ಒಂದೇ ಬೆಳಗ್ಗೆ ಇಲ್ಲವಾದವು. ದೇಶವೆಲ್ಲ ಕರೋನಾದ ಭಯದಿಂದ ಬಾಗಿಲು ಹಾಕಿಕೊಂಡಿದ್ದ ದಿನಗಳವು. ಫಲಕಗಳು ಇಳಿಯುವುದನ್ನು ನಿಂತು ನೋಡುವುದಕ್ಕೂ ಬೀದಿಯಲ್ಲಿ ಜನರಿರಲಿಲ್ಲ. ದೊಡ್ಡ ಬ್ಯಾಂಕು ಭದ್ರ, ಅದಕ್ಕೆ ಜಗತ್ತಿನೊಡನೆ ಸ್ಪರ್ಧಿಸುವ ಶಕ್ತಿಯಿದೆ ಎಂಬ ವಾದವನ್ನು ನಾನು ಬಲ್ಲೆ. ಅದರಲ್ಲಿ ಹುರುಳಿಲ್ಲವೆನ್ನಲಾರೆ. 1906ರಲ್ಲಿಯೂ ಆರ್ಬತ್‌ನಟ್ ಕಂಪೆನಿ ಉಡುಪಿಯ ಮನೆಗಿಂತ ದೊಡ್ಡದಾಗಿತ್ತೆಂಬುದನ್ನು ಮಾತ್ರ ನೆನಪಿಸುತ್ತೇನೆ.

ಸಾಹೇಬರ ಹೆಸರು ಊರಿನಿಂದ ಪೂರ್ತಿಯಾಗಿ ಅಳಿದಿಲ್ಲ. ಆಸ್ಪತ್ರೆಗೆಂದು ಅವರು ಪಟ್ಟಣದ ನಡುವೆ ದಾನವಿತ್ತ ನೆಲದಲ್ಲಿ ಇಂದಿಗೂ ತಾಯಂದಿರಿಗೂ ಮಕ್ಕಳಿಗೂ ಚಿಕಿತ್ಸೆ ನಡೆಯುತ್ತಿದೆ. ಆ ಆಸ್ಪತ್ರೆಯ ಹೆಸರಿನಲ್ಲಿ ಅವರ ಹೆಸರಿದೆ.

ಕಳೆದ ಸಲ ಊರಿಗೆ ಹೋದಾಗ ಚಿಕ್ಕಮ್ಮ ತಮ್ಮ ಹೊಸ ಪಾಸುಪುಸ್ತಕವನ್ನು ತೋರಿಸಿದರು. ಹಳೆಯ ಪುಸ್ತಕವನ್ನೂ ಅಜ್ಜಿಯ ಅಡವಿನ ಚೀಟಿಯನ್ನೂ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ನುಸಿಗುಳಿಗೆ ಹಾಕಿ, ಟ್ರಂಕಿನ ಮೇಲ್ಗಡೆಯಲ್ಲಿಯೇ ಇಟ್ಟಿದ್ದರು. ಅವನ್ನು ನಾನು ಮುಂಬಯಿಗೆ ಒಯ್ಯಲೇ ಎಂದು ಕೇಳಿದೆ. “ಬೇಡ ಮಗಾ, ಅಲ್ಲಿ ನಿಮ್ಮ ಮನೆಯಲ್ಲಿ ಜಾಗವೆಲ್ಲಿದೆ?” ಎಂದು ಟ್ರಂಕಿನ ಮುಚ್ಚಳವಿಕ್ಕಿ, ರಿಕ್ಷಾದವನನ್ನು ಕರೆಯಲು ಹೇಳಿದರು. ಪಿಂಚಣಿಯ ದಿನವಾಗಿತ್ತು, ಸಾಹೇಬರ ಬ್ಯಾಂಕಿಗೆ ಹೋಗಬೇಕಾಗಿತ್ತು.